ಸೌರಫಲಕದ ಮುಪ್ಪು

ಮಲೆನಾಡಿನ ಮತ್ತು ಕರಾವಳಿಯ ಒಂಟಿಮನೆಗಳಿಗೆ ವಿದ್ಯುತ್ತಿನ ತಂತಿ ಇನ್ನೂ ತಲಪದಿದ್ದ, ತಲಪಿದ್ದಲ್ಲಿಯೂ ಮುಂಗಾರಿನ ಮೊದಲ ಗಾಳಿಗೇ ಕಡಿದು ಬೀಳುತ್ತಿದ್ದ ದಿನಗಳಲ್ಲಿ, ಗೃಹಸ್ಥರು ಬ್ಯಾಂಕಿನಿಂದ ಸಾಲವೆತ್ತಿ ಹಂಚಿನ ಮಾಡಿನ ಮೇಲೆ ಕೂರಿಸಿಕೊಂಡ ಸೌರಫಲಕಗಳಲ್ಲಿ ಎಷ್ಟೋ ಇಂದಿಗೂ ಅಲ್ಲಿಯೇ ಇವೆ. ಹರೀಶ್ ಹಂದೆಯವರು ಸಹಸ್ಥಾಪಕರಾಗಿದ್ದ ಸೆಲ್ಕೋ ಸಂಸ್ಥೆ 1995ರಲ್ಲಿ ಆರಂಭವಾಗಿ, ಮನೆದೀಪಕ್ಕೂ ಬ್ಯಾಂಕುಗಳು ಸಾಲ ಕೊಡಬಹುದೆಂಬ ವಿಶ್ವಾಸ ನಾಡಿನಲ್ಲಿ ಬೇರೂರಿದ ಮೇಲೆ, ನಾಲ್ಕಾರು ದೀಪಗಳನ್ನು ಬೆಳಗಿಸಲು ಸಾಕಾಗುವ, 35ರಿಂದ 75 ವ್ಯಾಟಿನ ಈ ಚಿಕ್ಕ ಫಲಕಗಳು ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತ ವಸ್ತುಗಳಾದವು. ಅಂದು ಕಡುನೀಲಿಯಾಗಿ ಹೊಳೆಯುತ್ತಿದ್ದ ಅವುಗಳ ಮುಖ ಈಗ ಕಂದಿದೆ. ಗಾಜಿನಡಿಯಲ್ಲಿ ಎಲ್ಲಿಯೋ ಕಂದುಕಲೆ, ಎಲ್ಲಿಯೋ ಬಿಳಿಯ ಪೊರೆ, ಎಲ್ಲಿಯೋ ಕೂದಲೆಳೆಯಂತಹ ಗೆರೆಗಳು ಮೂಡಿವೆ. ಸಂಜೆ ಹೊತ್ತಿಸಿದ ದೀಪ ಎಂಟು ಗಂಟೆಗೇ ಮಂಕಾಗತೊಡಗಿದಾಗ ಮನೆಯ ಯಜಮಾನರು ಮಾಡಿನ ಕಡೆ ನೋಡಿ, ಪ್ಯಾನೆಲ್ಲಿನ ಆಯುಸ್ಸು ತೀರಿತೆಂದು ನಿರ್ಣಯಿಸಿಬಿಡುವರು.

ಈ ನಿರ್ಣಯ ಕೆಲವು ಸಲ ಸರಿ, ಬಹಳ ಸಲ ತಪ್ಪು. ವೃದ್ಧ ಫಲಕಗಳ ವಿಚಾರದಲ್ಲಿ ಮೊದಲು ತಿಳಿದಿರತಕ್ಕ ಸಂಗತಿಯೆಂದರೆ, ಕಣ್ಣಿಗೆ ಕಾಣುವ ಗಾಯಕ್ಕೂ ಕಳೆದುಹೋದ ಶಕ್ತಿಗೂ ನೇರವಾದ ಲೆಕ್ಕವಿಲ್ಲ ಎಂಬುದು. ಮೈಯೆಲ್ಲ ಕಂದಿ ನೋಡಲು ವಿಕಾರವಾದ ಫಲಕವೊಂದು ತನ್ನ ಮೊದಲಿನ ಶಕ್ತಿಯ ಬಹುಪಾಲನ್ನು ಉಳಿಸಿಕೊಂಡು ನಿರುಪದ್ರವಿಯಾಗಿ ಇನ್ನಷ್ಟು ವರ್ಷ ದುಡಿಯಬಲ್ಲುದು. ನಿನ್ನೆ ತಂದದ್ದೋ ಎಂಬಂತೆ ಹೊಳೆಯುವ ಇನ್ನೊಂದು, ಒಳಗಿನ ಒಂದು ಬೆಸುಗೆ ಬಿಟ್ಟುದರಿಂದ, ಬ್ಯಾಟರಿಗೆ ಹನಿ ವಿದ್ಯುತ್ತನ್ನೂ ಕೊಡದಿರಬಹುದು. ಆದುದರಿಂದ ಕಣ್ಣು ಶಂಕಿಸಿದುದನ್ನು ಮೀಟರು ದೃಢಪಡಿಸಿದ ಬಳಿಕವೇ ತೀರ್ಪು ಕೊಡುವುದು ನ್ಯಾಯ.

ಫಲಕದ ರಚನೆಯನ್ನು ಅರಿಯದೆ ಅದರ ವ್ಯಾಧಿಯನ್ನು ಅರಿಯಲಾಗದು. ಸಿಲಿಕಾನ್ ಎಂಬ ಧಾತುವಿನ ತೆಳ್ಳನೆಯ ಬಿಲ್ಲೆಯೇ ಸೌರಕೋಶ. ಹಳೆಯ ಕೋಶಗಳು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ದಪ್ಪವಾಗಿದ್ದರೆ, ಇಂದಿನವು ಅದರ ಅರ್ಧದಷ್ಟು ಮಾತ್ರ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು 1954ರಲ್ಲಿ ಇಂತಹ ಕೋಶವನ್ನು ಲೋಕಕ್ಕೆ ತೋರಿಸಿದಾಗ ಅದು ಬಿಸಿಲಿನ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಕೋಶದ ಮುಖದ ಮೇಲೆ ಬೆಳ್ಳಿಯ ಸೂಕ್ಷ್ಮ ಗೆರೆಗಳುಂಟು. ಅವು ಸಂಗ್ರಹಿಸಿದ ವಿದ್ಯುತ್ತನ್ನು ತಾಮ್ರದ ಪಟ್ಟಿಗಳು ಒಂದು ಕೋಶದಿಂದ ಮುಂದಿನದಕ್ಕೆ ಒಯ್ಯುವುವು. ಒಂದು ಕೋಶದಿಂದ ದೊರೆಯುವುದು ಸುಮಾರು 0.6 ವೋಲ್ಟು ಮಾತ್ರವಾದುದರಿಂದ, 12 ವೋಲ್ಟಿನ ಬ್ಯಾಟರಿಯನ್ನು ತುಂಬಿಸಬೇಕಾದ ಮನೆಫಲಕದಲ್ಲಿ 36 ಕೋಶಗಳನ್ನು ಒಂದರ ಬೆನ್ನಿಗೊಂದರಂತೆ ಪೋಣಿಸುವರು. ಈ ಸರಣಿಯ ಮೇಲೂ ಕೆಳಗೂ ಇ.ವಿ.ಎ. ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಅಂಟುಪದರ, ಮುಂದೆ ಗಟ್ಟಿಗಾಜು, ಹಿಂದೆ ನೀರು ಗಾಳಿಗಳನ್ನು ತಡೆಯುವ ಹಾಳೆ, ಸುತ್ತ ಅಲ್ಯೂಮಿನಿಯಮ್ ಚೌಕಟ್ಟು, ಬೆನ್ನಮೇಲೆ ತಂತಿಗಳು ಹೊರಬೀಳುವ ಜಂಕ್ಷನ್ ಬಾಕ್ಸ್. ಆಶ್ಚರ್ಯವೆಂದರೆ, ಇಷ್ಟರಲ್ಲಿ ಎಲ್ಲಕ್ಕಿಂತ ದೀರ್ಘಾಯುವಾದುದು ಸಿಲಿಕಾನೇ. ಮುಪ್ಪು ಮೊದಲು ಆಕ್ರಮಿಸುವುದು ಅದನ್ನು ಕಾಯಲು ಇಟ್ಟ ಅಂಟನ್ನು, ಹಾಳೆಯನ್ನು, ಬೆಸುಗೆಯನ್ನು.

ಕಂದುಬಣ್ಣದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಜನರನ್ನು ಹೆಚ್ಚು ಭಯಪಡಿಸುವುದು ಅದೇ. ಕ್ಯಾಲಿಫೋರ್ನಿಯಾದ ಕಾರಿಜೋ ಬಯಲಿನಲ್ಲಿ ಎಂಬತ್ತರ ದಶಕದ ಆದಿಭಾಗದಲ್ಲಿ ಆರ್ಕೋ ಸೋಲಾರ್ ಕಂಪನಿ 5.2 ಮೆಗಾವ್ಯಾಟಿನ ಒಂದು ಸ್ಥಾವರವನ್ನು ಕಟ್ಟಿತು. ಆ ಕಾಲಕ್ಕೆ ಪ್ರಪಂಚದಲ್ಲಿ ಅಷ್ಟು ದೊಡ್ಡದು ಮತ್ತೊಂದಿರಲಿಲ್ಲ. ಸೂರ್ಯನ ಗತಿಯನ್ನು ಅನುಸರಿಸಿ ತಿರುಗುವ ಅಟ್ಟಗಳ ಮೇಲೆ ಫಲಕಗಳನ್ನಿಟ್ಟು, ಕೋಶಗಳ ಮೇಲೆ ಹೆಚ್ಚು ಬೆಳಕು ಬೀಳಲೆಂದು ಇಕ್ಕೆಲಗಳಲ್ಲಿ ಕನ್ನಡಿಗಳನ್ನು ಜೋಡಿಸಿದ್ದರು. ಬೆಳಕಿನೊಡನೆ ತಾಪವೂ ಅತಿನೇರಳೆ ಕಿರಣವೂ ಹೆಚ್ಚಿದುದರಿಂದ, ಕೆಲವೇ ವರ್ಷಗಳಲ್ಲಿ ಇ.ವಿ.ಎ. ಪದರ ಹಳದಿಯಾಗಿ, ಹಳದಿ ಕಡುಕಂದಾಗಿ, ಸ್ಥಾವರದ ಉತ್ಪನ್ನ ಇಳಿಯುತ್ತ ಹೋಯಿತು. ತೊಂಬತ್ತರ ದಶಕದಲ್ಲಿ ಅದನ್ನು ಬಿಚ್ಚಿಹಾಕಿದರು. ಆದರೆ ಬಿಚ್ಚಿದ ಫಲಕಗಳು ಕಸದ ಗುಂಡಿಗೆ ಹೋಗಲಿಲ್ಲ. ವಿದ್ಯುತ್ತಿನ ತಂತಿಯಿಂದ ದೂರವಿದ್ದ ಅಲ್ಲಿನ ಅನೇಕ ಮನೆಗಳವರು ಅವುಗಳನ್ನು ಅಗ್ಗದ ಬೆಲೆಗೆ ಕೊಂಡೊಯ್ದು, ಕನ್ನಡಿಗಳಿಲ್ಲದ ಸಹಜವಾದ ಬಿಸಿಲಿನಲ್ಲಿ ನಿಲ್ಲಿಸಿ, ಮುಂದೆ ಬಹುಕಾಲ ದೀಪ ಉರಿಸಿಕೊಂಡರು. ಮಹಾಸ್ಥಾವರದ ಲೆಕ್ಕದಲ್ಲಿ ಅಪ್ರಯೋಜಕವೆನಿಸಿದ್ದು ಗೃಹಸ್ಥನ ಲೆಕ್ಕದಲ್ಲಿ ಅಮೂಲ್ಯವಾಯಿತು.

ಕಂದುಬಣ್ಣವು ಕೋಶದ ಮುಂದೆ ಹಿಡಿದ ಬಣ್ಣದ ತೆರೆಯಂತೆ ಬೆಳಕಿನ ಒಂದಂಶವನ್ನು ತಡೆಯುವುದರಿಂದ ಕರೆಂಟು ತಗ್ಗುವುದು. ವೋಲ್ಟೇಜು ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಸೂಕ್ಷ್ಮವಾಗಿ ನೋಡುವವರಿಗೆ ಅದು ಇನ್ನೊಂದು ವಿಷಯವನ್ನೂ ತಿಳಿಸುವುದು. ಪ್ರತಿಯೊಂದು ಕೋಶದ ನಡುಭಾಗ ಕಂದಾಗಿದ್ದು, ಅಂಚಿನ ಸುತ್ತ ಬೆರಳಗಲ ಸ್ವಚ್ಛವಾಗಿ ಉಳಿದಿರುವುದನ್ನು ಹಳೆಯ ಫಲಕಗಳಲ್ಲಿ ಸಾಮಾನ್ಯವಾಗಿ ಕಾಣಬಹುದು. ಹಿಂಬದಿಯ ಹಾಳೆಯ ಮೂಲಕ ನಿಧಾನವಾಗಿ ಒಳಸೇರುವ ಆಮ್ಲಜನಕವು ಕೋಶಗಳ ನಡುವಣ ಸಂದಿಗಳಿಂದ ಮೇಲೆ ಬಂದು, ಬಿಸಿಲಿನ ಸಹಾಯದಿಂದ ಆ ಅಂಚಿನ ಕಂದನ್ನು ಕಳೆಯುತ್ತದೆ. ಅದೇ ಕಾರಣದಿಂದ, ಕಂದಾದ ಕೋಶದ ನಡುವೆ ಬಿಳಿಚಿದ ಗೆರೆಯೊಂದು ಅಡ್ಡಹಾಯ್ದಿದ್ದರೆ, ಅಲ್ಲಿ ಕೋಶ ಬಿರುಕುಬಿಟ್ಟಿದೆ, ಆ ಬಿರುಕಿನ ಮೂಲಕ ಆಮ್ಲಜನಕ ಏರಿಬಂದಿದೆ ಎಂದು ಊಹಿಸಬಹುದು.

ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ 1982ರಲ್ಲಿ ವಿದ್ಯುಜ್ಜಾಲಕ್ಕೆ ಸೇರಿಸಿದ 10 ಕಿಲೋವ್ಯಾಟಿನ ಚಿಕ್ಕ ಸ್ಥಾವರ ಈ ವಿಷಯದಲ್ಲಿ ದೊಡ್ಡ ಗುರು. ಯೂರೋಪಿನಲ್ಲಿ ಜಾಲಕ್ಕೆ ವಿದ್ಯುತ್ತು ಕೊಟ್ಟ ಮೊದಲನೆಯ ಸೌರಸ್ಥಾವರ ಅದು. ಆರ್ಕೋ ಕಂಪನಿಯದೇ ಆದ 288 ಫಲಕಗಳು ಅಲ್ಲಿದ್ದವು. ಅಲ್ಲಿನ ವಿಜ್ಞಾನಿಗಳು ಅವುಗಳನ್ನು ಬಿಸಾಡದೆ, ಆಗಾಗ ಇಳಿಸಿ ಅಳೆದು ಬರೆದಿಡುತ್ತ ಬಂದರು. 35 ವರ್ಷಗಳ ಬಳಿಕ ನೋಡಿದಾಗ ಬಹುಪಾಲು ಫಲಕಗಳು ಹಳದಿಯಾಗಿದ್ದವು, ಕೆಲವುಗಳಲ್ಲಿ ಪದರ ಬಿಟ್ಟಿತ್ತು, ಕೆಲವು ಸುಟ್ಟ ಕಲೆಗಳನ್ನು ಹೊತ್ತಿದ್ದವು. ಆದರೂ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಮ್ಮ ಮೂಲಶಕ್ತಿಯ ಶೇಕಡಾ 80ಕ್ಕೂ ಮಿಕ್ಕಿ ಉಳಿಸಿಕೊಂಡಿದ್ದವು. ಒಂದೇ ಕಂಪನಿಯ, ಒಂದೇ ಮಾದರಿಯ ಫಲಕಗಳಾದರೂ ಅಂಟುಪದರದ ಪಾಕ ಬೇರೆಬೇರೆಯಾಗಿದ್ದುದರಿಂದ ಕೆಲವು ಬೇಗ, ಕೆಲವು ತಡವಾಗಿ ಮುಪ್ಪಾದುವೆಂಬುದು ಆ ದೀರ್ಘ ಪರೀಕ್ಷೆಯ ಮುಖ್ಯ ಬೋಧೆ. ಅಮೆರಿಕದ ರಾಷ್ಟ್ರೀಯ ಪುನರ್ನವೀಕರಣ ಶಕ್ತಿ ಪ್ರಯೋಗಾಲಯದ ಜೋರ್ಡನ್ ಮತ್ತು ಕರ್ಟ್ಜ್ ಎಂಬ ಸಂಶೋಧಕರು ಪ್ರಪಂಚದ ನಾನಾ ಕಡೆಯ ಅಳತೆಗಳನ್ನು ಕೂಡಿಸಿ ನೋಡಿದಾಗ ನಡುಮಟ್ಟದ ಕ್ಷಯ ವರ್ಷಕ್ಕೆ ಶೇಕಡಾ ಅರ್ಧದಷ್ಟೆಂದು ಕಂಡಿತು. ನಮ್ಮ ದೇಶದ ವಿಷಯದಲ್ಲಿ ಇಷ್ಟು ನೆಮ್ಮದಿ ಸಲ್ಲದು. ಮುಂಬಯಿಯ ಐ.ಐ.ಟಿ.ಯ ವಿದ್ವಾಂಸರೂ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯವರೂ 2013ರಿಂದ ಮೊದಲ್ಗೊಂಡು ದೇಶದ ನಾನಾ ಹವೆಗಳಲ್ಲಿ ನಡೆಸಿದ ಸಮೀಕ್ಷೆಗಳು, ಉಷ್ಣಪ್ರದೇಶಗಳಲ್ಲಿ ಕ್ಷಯ ಹೆಚ್ಚು, ಮಹಾಸ್ಥಾವರಗಳಿಗಿಂತ ಮನೆಮಾಡಿನ ಚಿಕ್ಕ ಫಲಕಗಳಲ್ಲಿ ಹೆಚ್ಚು ಎಂದು ತೋರಿಸಿಕೊಟ್ಟಿವೆ. ಗಾಳಿಯಾಡಲು ಎಡೆಯಿಲ್ಲದಂತೆ ಮಾಡಿಗೆ ಒತ್ತಿ ಕೂರಿಸಿದ ಫಲಕ ಕೆಳಗಿನಿಂದಲೂ ಬೇಯುವುದೆಂಬುದನ್ನು ಮನೆಯವರು ನೆನಪಿಡಬೇಕು.

ಬಿರುಕುಗಳಿಗೆ ಬರೋಣ. ಸಾಗಣೆಯ ಕುಲುಕು, ಕೂರಿಸುವವರ ಮೊಣಕಾಲ ಭಾರ, ಮಾಡಿನ ಮೇಲೆ ಹಾರುವ ಮಂಗಗಳು, ತೆಂಗಿನ ಗರಿ, ಇವೆಲ್ಲ ಗಾಜನ್ನು ಒಡೆಯದೆಯೇ ಒಳಗಿನ ಕೋಶವನ್ನು ಸೀಳಬಲ್ಲವು. ಸೀಳಿದುದು ಮೊದಲು ಕಾಣದು. ಕಾಲಕ್ರಮದಲ್ಲಿ ತೇವಾಂಶವು ಆ ಸೀಳಿನ ಮೂಲಕ ಬಂದು ಬೆಳ್ಳಿಯ ಗೆರೆಗಳೊಡನೆ ರಾಸಾಯನಿಕವಾಗಿ ವರ್ತಿಸಿದಾಗ ಕೋಶದ ಮೇಲೆ ಬೂದುಗಪ್ಪಿನ ವಕ್ರರೇಖೆ ಮೂಡುವುದು. ಅದರ ಓಟವನ್ನು ಕಂಡ ತಂತ್ರಜ್ಞರು ಅದಕ್ಕೆ ಬಸವನಹುಳುವಿನ ಜಾಡೆಂದು ಹೆಸರಿಟ್ಟಿದ್ದಾರೆ. ಆ ಜಾಡು ತಾನಾಗಿ ಹೆಚ್ಚು ಶಕ್ತಿಯನ್ನು ಕದಿಯುವುದಿಲ್ಲ; ಕೆಳಗೆ ಬಿರುಕುಂಟೆಂಬುದಕ್ಕೆ ಅದು ಸಾಕ್ಷಿ ಮಾತ್ರ. ಬಿರುಕು ಬಿಟ್ಟ ತುಂಡು ತಾಮ್ರದ ಪಟ್ಟಿಗೆ ಇನ್ನೂ ಅಂಟಿಕೊಂಡಿದ್ದರೆ ಅದರ ವಿದ್ಯುತ್ತು ಸಂದಾಯವಾಗುತ್ತಲೇ ಇರುವುದು. ಪಟ್ಟಿಯ ಸಂಪರ್ಕವೇ ತಪ್ಪಿ ತುಂಡು ಒಂಟಿಯಾದರೆ ಮಾತ್ರ ಆ ಭಾಗ ನಷ್ಟ.

ಆ ನಷ್ಟ ಒಂದು ಕೋಶಕ್ಕೆ ಸೀಮಿತವಾಗದಿರುವುದೇ ಸೌರಫಲಕದ ದೌರ್ಬಲ್ಯ. ಗದ್ದೆಯ ಕಿರುದಾರಿಯಲ್ಲಿ ಒಂದರ ಹಿಂದೊಂದು ಹೊರಟ ಗಾಡಿಗಳಲ್ಲಿ ಕುಂಟೆತ್ತಿನ ಗಾಡಿಯ ವೇಗವೇ ಎಲ್ಲ ಗಾಡಿಗಳ ವೇಗವಾಗುವಂತೆ, ಸರಣಿಯ ಅತ್ಯಂತ ದುರ್ಬಲ ಕೋಶ ಎಷ್ಟು ಕರೆಂಟನ್ನು ಬಿಡುವುದೋ ಅಷ್ಟೇ ಉಳಿದವುಗಳಿಂದಲೂ ಹೊರಬರುವುದು. ಅಷ್ಟೇ ಅಲ್ಲ, ಬಲವಾದ ಕೋಶಗಳು ಆ ದುರ್ಬಲ ಕೋಶದ ಮೂಲಕ ತಮ್ಮ ಕರೆಂಟನ್ನು ನೂಕಲು ಯತ್ನಿಸಿ ಅದನ್ನು ಕಾಯಿಸುವುವು. ಶಕ್ತಿಯನ್ನು ಕೊಡಬೇಕಾದ ಕೋಶ ಶಕ್ತಿಯನ್ನು ನುಂಗಿ ಉರಿಯುವುದು. ಫಲಕದ ಬೆನ್ನಿನ ಹಾಳೆಯಲ್ಲಿ ಉಬ್ಬಿದ ಗುಳ್ಳೆಯೋ ಸುಟ್ಟ ಕಲೆಯೋ ಕಂಡರೆ ಅದರ ನೇರ ಮುಂದೆ ಇಂತಹ ಕೋಶವಿರುವುದು ಬಹುಮಟ್ಟಿಗೆ ನಿಶ್ಚಯ. ಇದನ್ನು ತಪ್ಪಿಸಲೆಂದೇ ಜಂಕ್ಷನ್ ಬಾಕ್ಸಿನಲ್ಲಿ ಬೈಪಾಸ್ ಡಯೋಡುಗಳನ್ನು ಇಡುವರು. ಒಂದು ಗುಂಪಿನ ಕೋಶಗಳಲ್ಲಿ ತೊಡಕುಂಟಾದಾಗ ಕರೆಂಟು ಆ ಗುಂಪನ್ನು ಬಳಸಿಕೊಂಡು ಹೋಗಲು ಅವು ದಾರಿಮಾಡಿಕೊಡುವುವು. 36 ಕೋಶಗಳ ಫಲಕದಲ್ಲಿ ಸಾಮಾನ್ಯವಾಗಿ ಎರಡು, ಇಂದಿನ ದೊಡ್ಡ ಫಲಕಗಳಲ್ಲಿ ಮೂರು ಡಯೋಡುಗಳಿರುತ್ತವೆ.

ಅಂಟುಪದರ ಗಾಜನ್ನು ಬಿಟ್ಟು ಹಾಲಿನ ಕೆನೆಯಂತೆ ಕಾಣುವುದು ಮತ್ತೊಂದು ಲಕ್ಷಣ. ಹೀಗೆ ಬಿಟ್ಟೆಡೆಯಲ್ಲಿ ತೇವ ನಿಂತು ಇ.ವಿ.ಎ.ಯಿಂದ ವಿನಿಗರಿನ ಆಮ್ಲವೇ ಹುಟ್ಟಿ, ಬೆಳ್ಳಿಯ ಗೆರೆಗಳನ್ನೂ ಬೆಸುಗೆಗಳನ್ನೂ ತಿನ್ನತೊಡಗುವುದು. ತಿಂಗಳುಗಟ್ಟಲೆ ಮಳೆಯ ತೇವದಲ್ಲಿರುವ ಮಲೆನಾಡಿನವರು ಇದನ್ನು ಕಂದುಬಣ್ಣಕ್ಕಿಂತ ಗಂಭೀರವಾಗಿ ಎಣಿಸಬೇಕು.

ಅಳೆಯುವ ಮುನ್ನ ಮಾಡತಕ್ಕ ಕೆಲಸಗಳುಂಟು. ಮೊದಲನೆಯದಾಗಿ ಫಲಕವನ್ನು ತೊಳೆಯಬೇಕು, ಅದೂ ಗಾಜು ಕಾಯುವ ಮೊದಲು, ಬೆಳಗಿನ ಹೊತ್ತು, ಮೆತ್ತನೆಯ ಬಟ್ಟೆಯಿಂದ. ಕೆಳಚೌಕಟ್ಟಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಲ್ಲುಹೂಗಳು ಬೆಳೆದು ಕೆಳಸಾಲಿನ ಕೋಶಗಳನ್ನು ಮುಚ್ಚಿರುವುದು ನಮ್ಮ ಮಳೆನಾಡಿನಲ್ಲಿ ಸಾಧಾರಣ. ಕೇವಲ ಎರಡು ಬೆರಳಗಲದ ಆ ಪಾಚಿ, ಮೇಲೆ ಹೇಳಿದ ಸರಣಿಯ ನಿಯಮದಿಂದಾಗಿ, ಇಡೀ ಫಲಕವನ್ನು ಬಡವಾಗಿಸಬಲ್ಲುದು. ಕೂರಿಸಿದ ದಿನ ಆಳೆತ್ತರವಿದ್ದ ಹಲಸಿನ ಸಸಿ ಇಪ್ಪತ್ತು ವರ್ಷಗಳಲ್ಲಿ ಮರವಾಗಿ ಮಧ್ಯಾಹ್ನದ ಬಿಸಿಲನ್ನು ಕಸಿದುಕೊಂಡಿದೆಯೇ ಎಂದೂ ನೋಡಬೇಕು. ದೀಪ ಬೇಗ ನಂದುವುದಕ್ಕೆ ಬ್ಯಾಟರಿಯೇ ಕಾರಣವಾಗಿರುವುದು ಫಲಕ ಕಾರಣವಾಗಿರುವುದಕ್ಕಿಂತ ಹೆಚ್ಚು ಸಂಭವ, ಏಕೆಂದರೆ ಬ್ಯಾಟರಿಯ ಆಯುಸ್ಸು ಫಲಕದ ಆಯುಸ್ಸಿನ ಕಾಲುಭಾಗದಷ್ಟೂ ಇಲ್ಲ. ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದರೆ ಕಿಲುಬು ಹಿಡಿದ ತಿರುಪುಗಳು, ಇರುವೆಗೂಡು, ಸಡಿಲವಾದ ತಂತಿ ಕಾಣಸಿಕ್ಕಿ, ರೋಗ ಅಲ್ಲಿಯೇ ಮುಗಿಯುವುದೂ ಉಂಟು.

ಇಷ್ಟಾದ ಮೇಲೆ, ನಿರ್ಮಲವಾದ ಆಕಾಶವಿರುವ ಒಂದು ಮಧ್ಯಾಹ್ನ, ಫಲಕವನ್ನು ಬ್ಯಾಟರಿಯಿಂದಲೂ ಚಾರ್ಜ್ ಕಂಟ್ರೋಲರಿನಿಂದಲೂ ಬೇರ್ಪಡಿಸಿ ಮಲ್ಟಿಮೀಟರಿನಿಂದ ಅದರ ತೆರೆದ ವೋಲ್ಟೇಜನ್ನು ಅಳೆಯಬೇಕು. 36 ಕೋಶಗಳ ಫಲಕದ ಬೆನ್ನಿನ ಚೀಟಿಯಲ್ಲಿ 21 ವೋಲ್ಟಿಗೆ ಮೇಲೆ ಬರೆದಿರುತ್ತದೆ; ಅದು 25 ಡಿಗ್ರಿ ತಾಪದ ಲೆಕ್ಕ. ನಮ್ಮ ಮಾಡಿನ ಮೇಲೆ ಫಲಕ 60 ಡಿಗ್ರಿಯವರೆಗೆ ಕಾಯುವುದರಿಂದ, ಮೀಟರು 19 ತೋರಿಸಿದರೆ ಅದು ದೋಷವಲ್ಲ, ತಾಪದ ಫಲ. ಆದರೆ ಒಂಬತ್ತು ಹತ್ತು ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಒಂದು ಡಯೋಡು ಒಳಗೊಳಗೇ ಸುಟ್ಟು ಅರ್ಧದಷ್ಟು ಕೋಶಗಳನ್ನು ಹೊರಗಿಟ್ಟಿದೆಯೆಂದು ತಿಳಿಯಬೇಕು. ಅರ್ಧ ಕೆಟ್ಟರೆ ಅರ್ಧ ಫಲ ಬರುವುದೆಂಬ ಲೆಕ್ಕ ಇಲ್ಲಿ ನಡೆಯದು. ಹತ್ತು ವೋಲ್ಟಿನ ಫಲಕ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಏನನ್ನೂ ಕೊಡಲಾರದು. ಸಂತೋಷದ ಸಂಗತಿಯೆಂದರೆ, ಡಯೋಡು ಅಲ್ಪಬೆಲೆಯ ವಸ್ತು. ಅದನ್ನು ಬದಲಿಸಿದ ಮಾತ್ರಕ್ಕೆ ಫಲಕ ಪೂರ್ಣವಾಗಿ ಮರಳಿ ದುಡಿಯಬಹುದು.

ಬಹಳ ಮಂದಿ ಎಲೆಕ್ಟ್ರೀಷಿಯನ್ನರು ವೋಲ್ಟೇಜನ್ನು ನೋಡಿ, ಇಪ್ಪತ್ತು ಬರುತ್ತಿದೆ, ಪ್ಯಾನೆಲ್ ಚೆನ್ನಾಗಿದೆ ಎಂದು ಹೇಳಿ ಹೊರಟುಹೋಗುವರು. ಇದು ಅಪೂರ್ಣ ಪರೀಕ್ಷೆ. ಮೋಡದ ಮಂದ ಬೆಳಕಿನಲ್ಲಿಯೂ ಕಂದಿದ ಫಲಕದಲ್ಲಿಯೂ ತೆರೆದ ವೋಲ್ಟೇಜು ಹೆಚ್ಚುಕಡಮೆ ಪೂರ್ತಿಯಾಗಿಯೇ ಕಾಣುವುದು. ಬೆಳಕಿಗೆ ಅನುಗುಣವಾಗಿ ಏರಿಳಿಯುವುದು ಕರೆಂಟು. ಆದುದರಿಂದ ಫಲಕವನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಮೀಟರನ್ನು 10 ಆಂಪಿಯರಿನ ಡಿ.ಸಿ. ಸ್ಥಾನಕ್ಕೆ ತಿರುಗಿಸಿ, ಅದರ ತಂತಿಗಳನ್ನು ಫಲಕದ ಎರಡು ತುದಿಗಳಿಗೆ ಸೇರಿಸಿ, ಬಟ್ಟೆ ಸರಿಸಿ ಅಂಕಿಯನ್ನು ಓದಿಕೊಂಡು, ಮತ್ತೆ ಮುಚ್ಚಿದ ಬಳಿಕವೇ ತಂತಿ ಬಿಡಿಸಬೇಕು. ಒಂಟಿಯಾದ ಚಿಕ್ಕ ಫಲಕಕ್ಕೆ ಇದರಿಂದ ಅಪಾಯವಿಲ್ಲ. ಬ್ಯಾಟರಿಗೆ ಮಾತ್ರ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು. ಹತ್ತಾರು ಫಲಕಗಳನ್ನು ಪೋಣಿಸಿ ನೂರಾರು ವೋಲ್ಟು ಏರಿಸಿರುವ ಈಚಿನ ತಾರಸಿ ಸ್ಥಾವರಗಳನ್ನು ತರಬೇತಿಯಿಲ್ಲದವರು ಮುಟ್ಟಲೂ ಕೂಡದು. 75 ವ್ಯಾಟಿನ ಫಲಕದ ಚೀಟಿ 4.8 ಆಂಪಿಯರ್ ಎಂದಿದ್ದು, ಒಳ್ಳೆಯ ಬಿಸಿಲಿನಲ್ಲಿ 4.3ರಷ್ಟು ಬಂದರೆ ಅದು ಆರೋಗ್ಯವಂತ, 3.4ಕ್ಕೆ ಇಳಿದಿದ್ದರೆ ಸುಮಾರು ಐದನೆಯ ಒಂದು ಭಾಗ ಹೋಯಿತೆಂದು ಲೆಕ್ಕ. ಪಕ್ಕದಲ್ಲಿ ಅದೇ ಓರೆಯಲ್ಲಿ ಹೊಸ ಫಲಕವೊಂದನ್ನಿಟ್ಟು ಹೋಲಿಸಿದರೆ ಬಿಸಿಲಿನ ಪ್ರಮಾಣವನ್ನು ಊಹಿಸುವ ಕಷ್ಟವೂ ತಪ್ಪುವುದು.

ವೋಲ್ಟೇಜೂ ಸರಿ, ಕರೆಂಟೂ ಸರಿ, ಆದರೂ ಬ್ಯಾಟರಿ ತುಂಬುವುದಿಲ್ಲವೆಂಬ ದೂರು ಉಳಿದರೆ ಬೆಸುಗೆಗಳನ್ನು ಸಂದೇಹಿಸಬೇಕು. ಹಗಲಿನ ಕಾವಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವ ತಾಮ್ರದ ಪಟ್ಟಿಗಳು ಸಾವಿರಾರು ದಿನಗಳ ಬಳಿಕ ದಣಿದು ಸಡಿಲವಾದಾಗ ಒಳರೋಧ ಹೆಚ್ಚುವುದು. ಇಂತಹ ಫಲಕ ತಂಪಾದ ಬೆಳಗಿನಲ್ಲಿ ಚೆನ್ನಾಗಿ ಕೊಟ್ಟು, ತಾಪದಿಂದ ವೋಲ್ಟೇಜು ಇಳಿಯುವ ಕಡುಮಧ್ಯಾಹ್ನದಲ್ಲಿ, ಬಿಸಿಲು ಹೆಚ್ಚಿದ್ದರೂ, ಸೊರಗುವುದು. ಬ್ಯಾಟರಿಗೆ ಹರಿಯುವ ಕರೆಂಟನ್ನು ಡಿ.ಸಿ. ಅಳೆಯಬಲ್ಲ ಕ್ಲ್ಯಾಂಪ್ ಮೀಟರಿನಿಂದ ಎರಡು ಹೊತ್ತೂ ನೋಡಿದರೆ ಈ ಗುಣ ಬಯಲಾಗುವುದು. ಕೆಟ್ಟ ಕೋಶ ಯಾವುದೆಂದು ಪತ್ತೆಹಚ್ಚಲು ಖರ್ಚಿಲ್ಲದ ಉಪಾಯವೊಂದುಂಟು. ಫಲಕ ಬ್ಯಾಟರಿಗೆ ವಿದ್ಯುತ್ತು ಕೊಡುತ್ತಿರುವಾಗಲೇ ಒಂದೊಂದು ಕೋಶವನ್ನು ರಟ್ಟಿನಿಂದ ಮುಚ್ಚುತ್ತ ಹೋಗಬೇಕು: ಒಳ್ಳೆಯ ಕೋಶವನ್ನು ಮುಚ್ಚಿದಾಗ ಕರೆಂಟು ತಟ್ಟನೆ ಬೀಳುವುದು, ಮೊದಲೇ ಕೆಟ್ಟು ಕುಳಿತ ಕೋಶವನ್ನು ಮುಚ್ಚಿದಾಗ ಅಂಕಿ ಹೆಚ್ಚು ಕದಲುವುದಿಲ್ಲ.

ಕೋಲಾರ ಜಿಲ್ಲೆಯ ಯಳೇಸಂದ್ರದ 3 ಮೆಗಾವ್ಯಾಟಿನ ಸ್ಥಾವರದಿಂದ ಮೊದಲಾಗಿ ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನದವರೆಗೆ ನಮ್ಮ ನಾಡು ಬೆಳೆದುಬಂದಿದೆ. ಲಕ್ಷಾಂತರ ಫಲಕಗಳನ್ನು ಹೀಗೆ ಒಂದೊಂದಾಗಿ ಅಳೆಯುವುದು ಅಸಾಧ್ಯವಾದುದರಿಂದ, ಅಂತಹ ಮಹಾಸ್ಥಾವರಗಳಲ್ಲಿ ಶಾಖವನ್ನು ಗ್ರಹಿಸುವ ಕ್ಯಾಮೆರಾವನ್ನು ಡ್ರೋನಿಗೆ ಕಟ್ಟಿ ಹಾರಿಸುವರು. ಕಾದ ಕೋಶ ಚಿತ್ರದಲ್ಲಿ ಬೆಳಗಿ ತನ್ನನ್ನು ತಾನೇ ತೋರಿಸಿಕೊಳ್ಳುವುದು. ಇನ್ನೂ ಸೂಕ್ಷ್ಮವಾದ ಮತ್ತೊಂದು ವಿಧಾನದಲ್ಲಿ, ಕತ್ತಲೆಯಲ್ಲಿ ಫಲಕಕ್ಕೇ ವಿದ್ಯುತ್ತನ್ನು ಊಡುವರು. ಬೆಳಕನ್ನು ಕುಡಿದು ವಿದ್ಯುತ್ತು ಕೊಡುವ ಸಿಲಿಕಾನ್ ಆಗ ವಿದ್ಯುತ್ತನ್ನು ಕುಡಿದು ನಮ್ಮ ಕಣ್ಣಿಗೆ ಕಾಣದ ಅವರಕ್ತ ಬೆಳಕನ್ನು ಸೂಸುವುದು. ವಿಶೇಷ ಕ್ಯಾಮೆರಾದಲ್ಲಿ ಹಿಡಿದ ಆ ಚಿತ್ರದಲ್ಲಿ ಜೀವಂತ ಭಾಗಗಳು ಬೆಳ್ಳಗೆ, ಬಿರುಕುಗಳೂ ಒಂಟಿಯಾದ ತುಂಡುಗಳೂ ಕಪ್ಪಗೆ ಕಾಣುವುವು. ಗಾಜಿನ ಮೇಲಿನಿಂದ ನೋಡಿದವರಿಗೆ ನಿರ್ದೋಷವೆನಿಸಿದ ಎಷ್ಟೋ ಫಲಕಗಳು ಈ ಪರೀಕ್ಷೆಯಲ್ಲಿ ಸೋತಿವೆ.

ಶಕ್ತಿ ಕಡಮೆಯಾದುದು ಮಾತ್ರವೇ ಫಲಕವನ್ನು ತ್ಯಜಿಸಲು ಕಾರಣವಾಗಬೇಕಿಲ್ಲ. ಮುಕ್ಕಾಲುಪಾಲು ಉಳಿಸಿಕೊಂಡ ಫಲಕ ದನದ ಕೊಟ್ಟಿಗೆಗೋ ತೋಟದ ಮನೆಗೋ ದೀಪ ಕೊಡಬಲ್ಲುದು. ಆದರೆ ಹಿಂಬದಿಯ ಹಾಳೆ ಸೀಳಿ ಒಳಗಿನ ಲೋಹ ಕಾಣುತ್ತಿದ್ದರೆ, ಗಾಜು ಪುಡಿಯಾಗಿ ನೀರು ಒಳಸೇರುತ್ತಿದ್ದರೆ, ಬೆನ್ನ ಮೇಲೆ ಸುಟ್ಟ ಕಲೆ ಹಬ್ಬುತ್ತಿದ್ದರೆ, ಅದು ಎಷ್ಟೇ ವಿದ್ಯುತ್ತು ಕೊಡುತ್ತಿರಲಿ, ಮಾಡಿನಿಂದ ಇಳಿಸಲೇಬೇಕು. ಬೆಂಕಿಗೂ ವಿದ್ಯುದಾಘಾತಕ್ಕೂ ಅಲ್ಲಿ ಆಸ್ಪದವುಂಟು. ಇಳಿಸಿದ ಫಲಕದಲ್ಲಿ ಸೀಸವುಂಟು, ಬೆಳ್ಳಿಯುಂಟು, ತಾಮ್ರವುಂಟು. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಚೌಕಟ್ಟಿನ ಅಲ್ಯೂಮಿನಿಯಮ್ಮಿಗಾಗಿ ಫಲಕವನ್ನು ಒಡೆದು ಉಳಿದುದನ್ನು ಹಳ್ಳಕ್ಕೆ ಚೆಲ್ಲುವ ಗುಜರಿಯವರ ಕೈಗೆ ಅದನ್ನು ಹಾಕದೆ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕೆಂದೂ, ಇಳಿಸಲು ನಿಶ್ಚಯಿಸುವ ಮುನ್ನ ಒಮ್ಮೆಯಾದರೂ ಬಿಸಿಲಿನಲ್ಲಿ ನಿಲ್ಲಿಸಿ ಕರೆಂಟನ್ನು ಅಳೆಸಿ ನೋಡಬೇಕೆಂದೂ ಓದುಗರಲ್ಲಿ ನನ್ನ ಬಿನ್ನಹ.